ತಂದೆಯ ಕೋವಿ ಮಾರುವ ಮಾತು ಆಮೇಲೆ, ಮೊದಲು ಅದನ್ನು ಠಾಣೆಗೆ ಒಪ್ಪಿಸಿ

ತಂದೆ ತೀರಿಕೊಂಡಿದ್ದಾರೆ, ಅವರ ಹೆಸರಿನ ಜೋಡುನಳಿಗೆ ಕೋವಿ ಮನೆಯಲ್ಲಿದೆ, ಪಕ್ಕದೂರಿನ ಲೈಸೆನ್ಸ್ ಇರುವವರೊಬ್ಬರು ಕೇಳುತ್ತಿದ್ದಾರೆ, ಎಷ್ಟಕ್ಕೆ ಕೊಡಬಹುದು, ಬರವಣಿಗೆ ಹೇಗೆ ಮಾಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಬೆಲೆ ವಿಷಯ ಸದ್ಯಕ್ಕೆ ಬಿಡಿ. ಇವತ್ತಿನ ಮಟ್ಟಿಗೆ ಆ ಕೋವಿಯನ್ನು ಮಾರುವ ಹಕ್ಕು ನಿಮಗಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕೂ ಇಲ್ಲ. ಖಾರವಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು, ಆದರೆ ನಿಮ್ಮ ಪ್ರಶ್ನೆ ಓದುವಾಗ ನನ್ನದೇ ಕಥೆ ಓದಿದ ಹಾಗಾಯಿತು.

ನಾವು ಮಲೆನಾಡಿನ ಅಡಿಕೆ ತೋಟದವರು. ಅಪ್ಪನಿಗೆ ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್ ಇತ್ತು, ಹನ್ನೆರಡು ಬೋರಿನ (ಬೋರು ಅಂದರೆ ನಳಿಗೆಯ ಒಳಗಾತ್ರದ ಅಳತೆ) ಜೋಡುನಳಿಗೆ. ತೋಟಕ್ಕೆ ಹಂದಿ ಬಂದರೆ, ಮಂಗನ ಹಿಂಡು ಇಳಿದರೆ ಮೇಲಕ್ಕೆ ಒಂದು ಈಡು, ಅಷ್ಟೇ ಅದರ ಕೆಲಸ. 2022ರ ಮಳೆಗಾಲದಲ್ಲಿ ಅಪ್ಪ ಹೋದರು. ಕಾರ್ಯ ಎಲ್ಲ ಮುಗಿದ ಮೇಲೆ ನನ್ನ ಓಡಾಟ ಶುರುವಾಯಿತು: ಪೌತಿ ಖಾತೆ, ಬ್ಯಾಂಕು, ಸೊಸೈಟಿ ಸಾಲ, ಗ್ಯಾಸ್ ಕನೆಕ್ಷನ್. ಕೋವಿ ಒಳಕೋಣೆಯ ಗೂಟದಲ್ಲೇ ಇತ್ತು. ಅದು ನೆನಪಿರಲಿಲ್ಲ ಅಂತಲ್ಲ. ಬೀರುವಿನಿಂದ ಲೈಸೆನ್ಸ್ ಪುಸ್ತಕ ತೆಗೆದು ನೋಡಿಯೇ ಇದ್ದೆ. ಕೊನೆಯ ನವೀಕರಣದ ಸೀಲು 2024ರ ಡಿಸೆಂಬರ್‌ವರೆಗೆ ಇತ್ತು. ಇನ್ನೂ ಎರಡು ವರ್ಷ ವಾಯಿದೆ ಇದೆಯಲ್ಲ, ಖಾತೆ ಕೆಲಸ ಮುಗಿಯಲಿ, ಆಮೇಲೆ ನೋಡಿದರಾಯಿತು ಅಂತ ಪುಸ್ತಕವನ್ನು ವಾಪಸ್ ಬೀರುವಿನಲ್ಲಿಟ್ಟೆ.

ಇದೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಪ್ರಶ್ನೆಯಲ್ಲಿ "ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆ" ಅಂತ ಬರೆದಿದ್ದೀರಿ. ಚಾಲ್ತಿಯಲ್ಲಿಲ್ಲ. ಪುಸ್ತಕದಲ್ಲಿ ಯಾವ ತಾರೀಖು ಬೇಕಾದರೂ ಇರಲಿ, ಯಾರ ಹೆಸರಿಗೆ ಲೈಸೆನ್ಸ್ ಕೊಟ್ಟಿದ್ದರೋ ಅವರು ಹೋದ ದಿನವೇ ಅದು ಮುಗಿಯಿತು. ನಾವು ಅದನ್ನು ಬೈಕಿನ ಆರ್‌ಸಿ ಥರ ಅಂದುಕೊಳ್ಳುತ್ತೇವೆ, ಗಾಡಿಗೆ ಕೊಟ್ಟದ್ದು, ಹೆಸರು ಬದಲಾಯಿಸಿಕೊಂಡರೆ ಸಾಕು ಅಂತ. ಅದು ಡ್ರೈವಿಂಗ್ ಲೈಸೆನ್ಸ್ ಥರ. ಅಪ್ಪನ ಡಿಎಲ್‌ನಲ್ಲಿ ಇನ್ನೂ ಐದು ವರ್ಷ ಉಳಿದಿದೆ ಅಂತ ಮಗ ಗಾಡಿ ಓಡಿಸೋಕೆ ಆಗುತ್ತಾ? ಸರ್ಕಾರ ಆ ಮನುಷ್ಯನ ನಡತೆ, ಅಗತ್ಯ, ಪೊಲೀಸ್ ವರದಿ ನೋಡಿ ಅವರಿಗೆ ಮಾತ್ರ ಕೊಟ್ಟ ಅನುಮತಿ ಅದು. ತೋಟ ನಿಮಗೆ ಬರುತ್ತದೆ, ಮನೆ ಬರುತ್ತದೆ, ಕೋವಿಯ ಬೆಲೆಯ ಮೇಲಿನ ಹಕ್ಕೂ ವಾರಸುದಾರರಾಗಿ ಬರುತ್ತದೆ. ಅದನ್ನು ಕೈಯಲ್ಲಿ ಇಟ್ಟುಕೊಳ್ಳುವ ಹಕ್ಕು ಮಾತ್ರ ಬರುವುದಿಲ್ಲ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಇದಕ್ಕೇ ಇರುವುದು: ಲೈಸೆನ್ಸ್ ಹೋದ ಮೇಲೆ ಆಯುಧವನ್ನು ಅನಗತ್ಯ ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಇಡದೆ ಗೂಟಕ್ಕೆ ನೇತುಹಾಕಿಕೊಂಡಿದ್ದರೆ ನೀವು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡವರು. 2019ರ ತಿದ್ದುಪಡಿಯ ನಂತರ ಅದಕ್ಕೆ ಎರಡರಿಂದ ಐದು ವರ್ಷ ಜೈಲು.

ನನಗೆ ಇದು ಗೊತ್ತಾದದ್ದು 2023ರ ವಿಧಾನಸಭೆ ಚುನಾವಣೆ ಘೋಷಣೆಯಾದಾಗ. ಚುನಾವಣೆ ಬಂದರೆ ನಮ್ಮ ಕಡೆ ಕೋವಿ ಇರುವವರಿಗೆ ಠಾಣೆಯಲ್ಲಿ ಠೇವಣಿ ಇಡಿ ಅಂತ ಹೇಳಿಕಳಿಸುತ್ತಾರೆ. ಬೀಟ್ ಪೊಲೀಸರು ಪಟ್ಟಿ ಹಿಡಿದುಕೊಂಡು ಅಂಗಳಕ್ಕೆ ಬಂದರು, ಹುಡುಗ ನಮ್ಮ ಪರಿಚಯದವನೇ. "ಅಣ್ಣಾ, ನಿಮ್ಮ ತಂದೆಯವರದ್ದು ಇನ್ನೂ ಡೆಪಾಸಿಟ್ ಆಗಿಲ್ಲ" ಅಂದ. ಅಪ್ಪ ಹೋದ ವರ್ಷವೇ ತೀರಿಕೊಂಡರಲ್ಲಪ್ಪಾ ಅಂದೆ. ಅವನು ಪಟ್ಟಿಯಿಂದ ತಲೆ ಎತ್ತಿ, "ಹಾಗಾದ್ರೆ ಕೋವಿ ಇಷ್ಟು ದಿನ ಯಾರ ಹತ್ರ ಇತ್ತು?" ಅಂದ. ಉತ್ತರ ಹೇಳುವುದಕ್ಕೆ ನನ್ನ ಬಾಯಿ ಬರಲಿಲ್ಲ, ಅಮ್ಮ ಬಾಗಿಲಲ್ಲಿ ನಿಂತಿದ್ದರು.

ಕೇಸು ಆಗಲಿಲ್ಲ. ಹೇಳಿಕೆ ಬರೆಸಿಕೊಂಡರು, ಮರಣ ಪತ್ರ ತೆಗೆದುಕೊಂಡರು, ಕೋವಿ ಮತ್ತು ತೋಟೆಗಳನ್ನು (ಕಾಡತೂಸು) ವಶಕ್ಕೆ ಪಡೆದರು. ಆಮೇಲೆ ಜಿಲ್ಲಾ ಕಚೇರಿಯಿಂದ ಕಾರಣ ಕೇಳಿ ನೋಟಿಸ್ ಬಂತು. ವಕೀಲರನ್ನು ಹಿಡಿದು ಉತ್ತರ ಕೊಟ್ಟು, ಕಡತ ಮೇಜಿನಿಂದ ಮೇಜಿಗೆ ಹೋಗಿ, ಮಾರಲು ಅನುಮತಿ ಬರುವ ಹೊತ್ತಿಗೆ ಇನ್ನೊಂದು ಮಳೆಗಾಲ ಕಳೆದಿತ್ತು. ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಕಾಣದೆ ಉಗ್ರಾಣದಲ್ಲಿ ಬಿದ್ದ ಕಬ್ಬಿಣ ಏನಾಗುತ್ತದೆ ಗೊತ್ತಲ್ಲ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಒಳಮೈ ಉದ್ದಕ್ಕೂ ಕಂದು ಚುಕ್ಕೆ, ಒಂದೆರಡು ಕಡೆ ತುಕ್ಕು ತಿಂದು ಗುಂಡಿ ಬಿದ್ದಿತ್ತು. ಅಪ್ಪ ಪ್ರತಿ ಆಯುಧಪೂಜೆಗೆ ಬಿಚ್ಚಿ, ನಳಿಗೆ ಒರೆಸುವ ಗಜದ ಕೋಲಿಗೆ ಬಟ್ಟೆ ಸುತ್ತಿ ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಕಾಪಾಡಿದ್ದ ನಳಿಗೆ ಅದು. ಮೊದಲು ಕೇಳಿದ್ದ ಗಿರಾಕಿ ಅಷ್ಟರಲ್ಲಿ ಬೇರೆ ಕೊಂಡಿದ್ದರು. ಕೊನೆಗೆ ವ್ಯಾಪಾರಿಯ ಮೂಲಕ ಹೋಯಿತು, ಆ ಗಿರಾಕಿ ಮೊದಲು ಹೇಳಿದ್ದ ಬೆಲೆಯ ಅರ್ಧಕ್ಕೂ ಕಡಿಮೆಗೆ. ಅಪ್ಪ ಹೋದ ತಿಂಗಳೇ ಠೇವಣಿ ಇಟ್ಟಿದ್ದರೆ ಇದರಲ್ಲಿ ಒಂದೂ ಆಗುತ್ತಿರಲಿಲ್ಲ.

ಈಗ ನಿಮ್ಮ ವಿಷಯ. ಮೊದಲು ಠಾಣೆಗೆ ಒಂದು ಪತ್ರ ಬರೆಯಿರಿ. ತಂದೆ ಇಂಥ ದಿನ ತೀರಿಕೊಂಡರು, ಅವರ ಲೈಸೆನ್ಸ್ ನಂಬರು ಇದು, ಕೋವಿ ಮನೆಯಲ್ಲಿದೆ, ಠೇವಣಿ ಇಡುತ್ತಿದ್ದೇವೆ ಅಂತ. ಪತ್ರದ ಪ್ರತಿಗೆ ಸೀಲು ಹಾಕಿಸಿಕೊಂಡು, ಯಾವಾಗ ಹೇಗೆ ತರಲಿ ಅಂತ ಅವರನ್ನೇ ಕೇಳಿ. ವ್ಯಾಪಾರಿ ಬಳಿ ಇಡುವುದಾದರೂ ಠಾಣೆಗೆ ತಿಳಿಸದೆ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಡಬೇಡಿ. ದಾರಿಯಲ್ಲಿ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರೆ ತೋರಿಸಲು ನಿಮ್ಮ ಹೆಸರಿನಲ್ಲಿ ಒಂದು ಚೂರು ಕಾಗದವೂ ಇರುವುದಿಲ್ಲ.

ಕೋವಿ ಕೈಗೆ ತೆಗೆದುಕೊಳ್ಳುವ ಮುಂಚೆ, ಅದರಲ್ಲಿ ಈಡು ಇದೆ ಅಂತಲೇ ತಿಳಿದುಕೊಳ್ಳಿ. ಅಪ್ಪ ಖಾಲಿ ಮಾಡಿಯೇ ಇಡುತ್ತಿದ್ದರು ಅಂತ ನೀವು ಹೇಳಬಹುದು, ಎಲ್ಲರೂ ಹಾಗೇ ಹೇಳುವುದು. ನಳಿಗೆಯ ಬಾಯಿ ಜನ ಇಲ್ಲದ ಕಡೆಗೆ ಇರಲಿ, ಬೆರಳು ಕುದುರೆಯ (ಟ್ರಿಗರ್) ಹತ್ತಿರ ಹೋಗಬಾರದು. ಮೇಲಿನ ಲಿವರ್ ತಿರುಗಿಸಿ ಕೋವಿ ಮಡಚಿ, ತೋಟೆ ಕೂರುವ ಎರಡೂ ಮನೆ ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ನಿಮಗೆ ಅಭ್ಯಾಸ ಇಲ್ಲದಿದ್ದರೆ ಮುಟ್ಟಲೇ ಬೇಡಿ, ಠಾಣೆಯವರನ್ನೇ ಕರೆಸಿ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಆಗಿದ್ದರೆ ಇನ್ನೂ ಹುಷಾರು, ಮದ್ದು ಒಳಗೆ ಜಡಿದದ್ದು ಹೊರಗಿನಿಂದ ಕಾಣುವುದಿಲ್ಲ. ತೋಟೆಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ ಎಣಿಸಿ ಬರೆದಿಡಿ, ಅವನ್ನೂ ಒಪ್ಪಿಸಬೇಕು. ಹಳೆ ತೋಟೆ ಅಂತ ಕೆರೆಗೆ ಎಸೆಯುವುದು, ಹೂಳುವುದು ಬೇಡ.

ರಸೀದಿ ವಿಷಯದಲ್ಲಿ ಹಟ ಹಿಡಿಯಿರಿ. "ಒಂದು ಬಂದೂಕು ಪಡೆಯಲಾಗಿದೆ" ಅಂತ ಬರೆದುಕೊಟ್ಟರೆ ಸಾಲದು. ತಯಾರಕರ ಹೆಸರು, ಬೋರು, ನಂಬರು, ತೋಟೆಗಳ ಲೆಕ್ಕ ಎಲ್ಲ ಇರಬೇಕು. ಆ ನಂಬರನ್ನು ಲೈಸೆನ್ಸ್ ಪುಸ್ತಕ ನೋಡಿ ಬರೆಯಬೇಡಿ, ಕಬ್ಬಿಣ ನೋಡಿ ಬರೆಯಿರಿ. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ನಳಿಗೆಯ ಅಡಿಯಲ್ಲಿ, ಕೋವಿ ಮಡಚಿದಾಗ ಕಾಣುವ ಚಪ್ಪಟೆ ಜಾಗದಲ್ಲಿ ಕೊರೆದಿರುತ್ತಾರೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಟಾರ್ಚ್ ಅಡ್ಡ ಹಿಡಿದರೆ ಅಂಕಿ ಏಳುತ್ತದೆ. ಕೈಬರಹದ ಹಳೆ ಪುಸ್ತಕಗಳಲ್ಲಿ 3 ಮತ್ತು 8, 1 ಮತ್ತು 7 ಅದಲುಬದಲಾಗುವುದು ಸುಲಭ. ಹೊಂದದಿದ್ದರೆ ಠೇವಣಿ ದಿನವೇ ಬರೆದು ತಿಳಿಸಿ, ಮಾರುವ ದಿನ ಗಿರಾಕಿಯ ಮುಂದೆ ಗೊತ್ತಾಗುವುದು ಬೇಡ.

ನನ್ನನ್ನು ಕೇಳಿದರೆ ಠಾಣೆಗಿಂತ, ಠೇವಣಿ ಇಟ್ಟುಕೊಳ್ಳುವ ಅನುಮತಿ ಇರುವ ವ್ಯಾಪಾರಿಯೇ ಮೇಲು. ತಿಂಗಳಿಗೆ ಇಷ್ಟು ಅಂತ ಬಾಡಿಗೆ ತೆಗೆದುಕೊಳ್ಳುತ್ತಾರೆ, ಕೊಡಿ. ಅವರು ಎಣ್ಣೆ ಹಚ್ಚಿ ಇಡುತ್ತಾರೆ, ಗಿರಾಕಿಯನ್ನೂ ಅವರೇ ಹುಡುಕುತ್ತಾರೆ, ರಿಜಿಸ್ಟರಿನಲ್ಲಿ ಒಳಗೆ ಬಂದದ್ದು ಹೊರಗೆ ಹೋದದ್ದು ದಾಖಲಾಗುತ್ತದೆ. ಹಾಗಂತ ಠೇವಣಿ ಇಟ್ಟು ಮರೆಯಬೇಡಿ. ನಿಗದಿತ ಅವಧಿಯೊಳಗೆ ವಿಲೇವಾರಿ ಮಾಡದಿದ್ದರೆ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಲು ಅದೇ 21ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ.

ಠೇವಣಿ ಆದ ಮೇಲೆ ಮರಣ ಪತ್ರ, ವಂಶವೃಕ್ಷ, ತಾಯಿ ಮತ್ತು ಒಡಹುಟ್ಟಿದವರ ಒಪ್ಪಿಗೆ ಪತ್ರ ಇಟ್ಟುಕೊಂಡು ಡಿಸಿ ಕಚೇರಿಯ ಲೈಸೆನ್ಸ್ ಶಾಖೆಗೆ ಅರ್ಜಿ ಕೊಡಿ. ಬೆಂಗಳೂರಿನಂಥ ಕಮಿಷನರೇಟ್ ಊರಾದರೆ ಪೊಲೀಸ್ ಕಮಿಷನರ್ ಕಚೇರಿಗೆ. ಠೇವಣಿ ಇಟ್ಟ ಆಯುಧವನ್ನು, ಅದನ್ನು ಇಟ್ಟುಕೊಳ್ಳುವ ಹಕ್ಕಿರುವವರಿಗೆ ಮಾರಿಸಿ ಹಣ ಪಡೆಯಲು ವಾರಸುದಾರರಿಗೆ ಕಾಯ್ದೆಯಲ್ಲೇ ದಾರಿ ಇದೆ. ಕೆಲವರು ಮೊದಲು ವಾರಸುದಾರರಾಗಿ ನಿಮ್ಮ ಹೆಸರಿಗೇ ವಾರಸಾ ಲೈಸೆನ್ಸ್ ಮಾಡಿಸಿಕೊಂಡು ಆಮೇಲೆ ಮಾರು ಅಂತ ಸಲಹೆ ಕೊಡುತ್ತಾರೆ. ಮಾರುವುದಕ್ಕೋಸ್ಕರ ಲೈಸೆನ್ಸ್ ಮಾಡಿಸುವುದು ಸುಮ್ನೆ ಕೆಲಸ. ತೋಟ ಕಾಯಲು ಬೇಕು ಅಂತಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಪಕ್ಕದೂರಿನ ಗಿರಾಕಿಗೆ ಬರೋಣ. ಅವರಿಗೆ ಲೈಸೆನ್ಸ್ ಇದೆ ಅಂದರೆ ಮುಗಿಯಲಿಲ್ಲ. ಮೊದಲು ಒಬ್ಬರಿಗೆ ಮೂರು ಬಂದೂಕು ಇಟ್ಟುಕೊಳ್ಳಲು ಅವಕಾಶ ಇತ್ತು, 2019ರ ತಿದ್ದುಪಡಿಯಲ್ಲಿ ಎರಡಕ್ಕೆ ಇಳಿಸಿದರು. ಅವರ ಬಳಿ ಈಗಾಗಲೇ ಎರಡಿದ್ದರೆ ನಿಮ್ಮದನ್ನು ಕೊಳ್ಳುವಂತಿಲ್ಲ. ಲೈಸೆನ್ಸಿನಲ್ಲಿ ಈ ಥರದ ಕೋವಿಗೆ ಅನುಮತಿ ಇದೆಯಾ, ನವೀಕರಣ ಆಗಿದೆಯಾ, ಕೊಂಡ ಮೇಲೆ ಈ ನಂಬರು ಅವರ ಲೈಸೆನ್ಸಿನಲ್ಲಿ ದಾಖಲಾಗುತ್ತದಾ, ಇವೆಲ್ಲ ಮೂಲ ಪುಸ್ತಕ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಲೈಸೆನ್ಸ್ ಇರುವ ಒಬ್ಬರು ತಮ್ಮ ಕೋವಿಯನ್ನು ಇನ್ನೊಬ್ಬರಿಗೆ ನೇರವಾಗಿ ಮಾರುವಾಗಲೂ 5ನೇ ಸೆಕ್ಷನ್ ಪ್ರಕಾರ ಕೊಳ್ಳುವವರ ಹೆಸರು ವಿಳಾಸ ಸಮೇತ ಡಿಸಿಗೋ ಹತ್ತಿರದ ಠಾಣೆಗೋ ಮೊದಲೇ ಬರೆದು ತಿಳಿಸಬೇಕು, ತಿಳಿಸಿ 45 ದಿನ ಕಳೆಯುವವರೆಗೆ ಕೋವಿ ಕೈ ಬದಲಾಗಬಾರದು. "ಅಡ್ವಾನ್ಸ್ ಕೊಟ್ಟಿರುತ್ತೇನೆ, ಕೋವಿ ನನ್ನ ಹತ್ರ ಇರಲಿ, ಕಾಗದ ಆಮೇಲೆ ಮಾಡೋಣ" ಅಂದರೆ ಅಲ್ಲಿಗೇ ವ್ಯವಹಾರ ಬಿಡಿ. ನೂರು ರೂಪಾಯಿ ಛಾಪಾ ಕಾಗದದ ಕರಾರು ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ, ಬದಲಿಗೆ ನೀವು ಕಾನೂನು ಮೀರಿ ಮಾರಿದ್ದೀರಿ ಅನ್ನುವುದಕ್ಕೆ ನಿಮ್ಮ ಸಹಿ ಇರುವ ಸಾಕ್ಷಿ ಆಗುತ್ತದೆ. ಹಾಗೆ ಮಾರಿದ್ದಕ್ಕೆ ಶಿಕ್ಷೆ ಈಗ ಕನಿಷ್ಠ ಏಳು ವರ್ಷ, ಜೀವಾವಧಿವರೆಗೂ ಹೋಗಬಹುದು. ಊರಿನ ಪರಿಚಯ, ನಂಬಿಕೆ ಎಲ್ಲ ಸರಿ, ಆದರೆ ನಾಳೆ ಆ ಕೋವಿಯಿಂದ ಕಾಡಿನಲ್ಲಿ ಒಂದು ಕಡವೆ ಬಿದ್ದರೆ ಅಥವಾ ಜಗಳದಲ್ಲಿ ಒಬ್ಬ ಮನುಷ್ಯ ಬಿದ್ದರೆ ನಂಬರು ಹುಡುಕಿಕೊಂಡು ಪೊಲೀಸರು ಬರುವುದು ನಿಮ್ಮ ಮನೆಗೆ. ಅದಕ್ಕೇ ನಾನು ಪರಿಚಯದವರಿಗೆ ನೇರ ಮಾರುವುದನ್ನು ಒಪ್ಪುವುದಿಲ್ಲ. ಅವರಿಗೇ ಕೊಡಬೇಕು ಅಂತಿದ್ದರೆ ವ್ಯಾಪಾರಿಯ ಅಂಗಡಿಯಿಂದ ಅವರು ಕೊಳ್ಳಲಿ. ವಾಟ್ಸಾಪ್ ಗ್ರೂಪಿನಲ್ಲಿ, ಹಳೆ ಸಾಮಾನು ಮಾರುವ ಆ್ಯಪ್‌ಗಳಲ್ಲಿ ಫೋಟೋ ಹಾಕುವುದಂತೂ ಬೇಡವೇ ಬೇಡ.

ನೀವು ಕೊಡಗಿನವರಾಗಿದ್ದು, ಅದು ಕೊಡವರಿಗೆ ಅಥವಾ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿ ಪತ್ರದ ತೋಕ್ (ಕೋವಿ) ಆಗಿದ್ದರೆ ಲೆಕ್ಕ ಸ್ವಲ್ಪ ಬೇರೆ. ಆ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ಆದರೆ ಅದೂ ಜನರಿಗೆ ಇರುವ ವಿನಾಯಿತಿ, ಕೊಂಡವರ ಜೊತೆ ಹೋಗುವುದಿಲ್ಲ. ಹೊರಗಿನವರು ಕೊಳ್ಳುವುದಾದರೆ ಅವರಿಗೆ ಲೈಸೆನ್ಸ್ ಬೇಕೇ ಬೇಕು. ಮಡಿಕೇರಿಯ ಡಿಸಿ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಬೆಲೆ ಕೇಳಿದ್ದಿರಿ ಅಲ್ವಾ. ಕೊಳ್ಳಲು ಹಕ್ಕಿರುವವರೇ ಕಡಿಮೆ, ಅದರಲ್ಲೂ ಎರಡರ ಮಿತಿಯಲ್ಲಿ ಒಂದು ಜಾಗ ಖಾಲಿ ಇರುವವರು ಇನ್ನೂ ಕಡಿಮೆ, ಹಾಗಾಗಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಇಂಗ್ಲೆಂಡಿನ ಹಳೆ ಕಂಪನಿಯ ಕೋವಿ ಆಗಿದ್ದು ನಳಿಗೆ ಚೆನ್ನಾಗಿದ್ದರೆ ಮಾತ್ರ ಇಬ್ಬರು ವ್ಯಾಪಾರಿಗಳಿಗೆ ತೋರಿಸಿ ಬೆಲೆ ಕಟ್ಟಿಸಿ. ಹಣವನ್ನು ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ಮಾರಾಟ ಆದ ಮೇಲೆ ತಂದೆಯ ಲೈಸೆನ್ಸ್ ಪುಸ್ತಕವನ್ನು ಕಚೇರಿಗೆ ಒಪ್ಪಿಸಿ, ಅದು ರದ್ದಾಯಿತು ಅಂತ ಬರೆಸಿಕೊಳ್ಳಿ, ಕೊಂಡವರ ಲೈಸೆನ್ಸಿನಲ್ಲಿ ಕೋವಿ ದಾಖಲಾದ ಪುಟದ ನಕಲು ತೆಗೆದಿಟ್ಟುಕೊಳ್ಳಿ. ಠಾಣೆಯ ಪಟ್ಟಿಯಿಂದ ತಂದೆಯ ಹೆಸರು ತೆಗೆದಿದ್ದಾರಾ ಅಂತಲೂ ಒಮ್ಮೆ ವಿಚಾರಿಸಿ, ಇಲ್ಲದಿದ್ದರೆ ಮುಂದಿನ ಚುನಾವಣೆಗೆ ಮತ್ತೆ ಹುಡುಕಿಕೊಂಡು ಬರುತ್ತಾರೆ.