ಮನೆ, ಮಕ್ಕಳು ಅಂತಲೇ ದಿನ ಕಳೆಯುತ್ತದೆ. ದೇವರು ನನಗೆ ಕೊಟ್ಟ ಉದ್ದೇಶ ಯಾವುದೆಂದು ಹೇಗೆ ತಿಳಿಯುವುದು?

ನೀವು ಈಗಾಗಲೇ ಆ ಉದ್ದೇಶದ ಒಳಗೇ ಇದ್ದೀರಿ ಎಂಬುದು ನನ್ನ ನಂಬಿಕೆ. ದೇವರ ಕರೆ ಎಂದರೆ ಪಾಸ್ಟರ್ ಆಗುವುದು, ಸುವಾರ್ತೆ ಸಾರಲು ದೂರ ಹೋಗುವುದು ಅಂತಷ್ಟೇ ಅಂದುಕೊಳ್ಳುತ್ತೇವೆ, ಅಲ್ವಾ? ಬೈಬಲ್ ಹಾಗೆ ಹೇಳುವುದಿಲ್ಲ.

ಬೈಬಲ್‌ನಲ್ಲಿ ಬರುವ ತಿಮೊಥೆಯನನ್ನೇ ನೋಡಿ. ಚಿಕ್ಕ ವಯಸ್ಸಿನಲ್ಲೇ ಯೇಸುವಿನ ಅಪೊಸ್ತಲನಾದ ಪೌಲನ ಜೊತೆ ಸೇವೆಗೆ ಹೊರಟವನು. ಅವನ ತಂದೆ ಗ್ರೀಕನು. ಅವನಲ್ಲಿದ್ದ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತು. ಈ ಇಬ್ಬರು ಊರೂರು ಸುತ್ತಿ ಬೋಧಿಸಿದರೆಂದು ಎಲ್ಲೂ ಬರೆದಿಲ್ಲ. ಅವರ ಮನೆಯ ಹುಡುಗನಿಗೆ ಎಳವೆಯಿಂದಲೇ ದೇವರ ವಾಕ್ಯ ಗೊತ್ತಿತ್ತು, ಅಷ್ಟೇ. ಆದರೂ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ (1:5) ಪೌಲ ಅವರನ್ನು ಹೆಸರು ಹಿಡಿದು ನೆನೆಯುತ್ತಾನೆ. ಇದನ್ನು ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಗಂಡಸರಿಗೂ ಇದೇ ಮಾತು. ಮಗುವಿನ ಬಟ್ಟೆ ಒಗೆಯುವ ಅಪ್ಪನನ್ನು ನೋಡಿ ಜನ ನಗಬಹುದು. ಅವನು ನಂಬಿಕೆಯಿಂದ ಅದನ್ನು ಮಾಡಿದರೆ ದೇವರು ಸಂತೋಷಪಡುತ್ತಾನೆ ಎಂದು ಜರ್ಮನಿಯ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ 1522ರಲ್ಲೇ ಬರೆದಿದ್ದರು. ಆಗ ಅವರಿಗಿನ್ನೂ ಮದುವೆಯಾಗಿರಲಿಲ್ಲ!

ಸಭೆಯ (ಚರ್ಚಿನ) ಕೆಲಸ ಜಾಸ್ತಿಯಾಗಿ ಮನೆಯವರನ್ನು ಮರೆತರೆ ಅದು ದೇವರ ಚಿತ್ತವಲ್ಲ. ತಿಮೊಥೆಯನಿಗೆ ಬರೆದ ಮೊದಲ ಪತ್ರ (5:8) ಈ ವಿಷಯದಲ್ಲಿ ತುಂಬಾ ಕಟುವಾಗಿದೆ.

ಮುಂದೆ ಹೊರಗಿನ ಸೇವೆಗೂ ಕರೆ ಬರಬಹುದು. ಆಗ ಗಂಡ ಹೆಂಡತಿ ಕೂತು ಪ್ರಾರ್ಥಿಸಿ, ಮಕ್ಕಳ ಮಾತನ್ನೂ ಕೇಳಿ, ಸಭೆಯ ಹಿರಿಯರ ಜೊತೆ ಮಾತಾಡಿ. ಅವಸರ ಬೇಡ.