ವಾರಕ್ಕೆ ಎರಡು ಗಂಟೆ ಸಾಕಾ?

ಪ್ರಶ್ನೆ: ನಾನು ಕೆಲಸಕ್ಕೆ ಹೋಗುವವಳು. ಭಾನುವಾರ ಎರಡು ಗಂಟೆ ಬಿಡುವು ಸಿಗುತ್ತದೆ. ಸುತ್ತಮುತ್ತ ಹಸಿದಿರುವವರಿಗೆ ಏನಾದರೂ ಮಾಡೋಣ ಅಂತ ನಾವು ನಾಲ್ವರು ಗೆಳತಿಯರು ಮಾತಾಡಿಕೊಂಡಿದ್ದೇವೆ. ಮನೆಯಲ್ಲೇ ಅಡುಗೆ ಮಾಡಿ ಹಂಚೋಣ ಅಂತ ಒಬ್ಬಳು, ಸಮಾರಂಭಗಳಲ್ಲಿ ಉಳಿದ ಊಟ ತರೋಣ ಅಂತ ಇನ್ನೊಬ್ಬಳು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ಭಾನುವಾರ ಒಲೆ ಹಚ್ಚಲೇಬೇಡಿ. ಸುಮ್ನೆ ಹೋಗಿ, ಕೇಳಿಕೊಂಡು ಬನ್ನಿ.

ನಾನು ಕೇಳದೆ ಶುರು ಮಾಡಿದವಳು. ಒಂದು ರಜಾದಿನ ನೂರು ಜನರಿಗೆ ಅಡುಗೆ ಮಾಡಿಕೊಂಡು ಹೋದೆವು. ನಮಗಿಂತ ಮೊದಲೇ ಮೂರು ಗುಂಪು ಬಂದು ಬಡಿಸಿ ಹೋಗಿತ್ತು. ಅರ್ಧ ಪಾತ್ರೆ ಹಾಗೇ ಉಳಿಯಿತು. ಅಲ್ಲಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಇವತ್ತು ಎಲ್ಲರೂ ಬರ್ತಾರೆ ಕಣಮ್ಮ. ತಿಂಗಳ ಕೊನೆಗೆ ಬಾ" ಅಂದರು. ಕೂಲಿ ದುಡ್ಡು ಮುಗಿಯುವುದು ಆಗ. ಶಾಲೆಗೆ ರಜೆ ಬಿಟ್ಟಾಗಲೂ ಹಾಗೆಯೇ. ಶಾಲೆಯಲ್ಲಿ ಸಿಗುತ್ತಿದ್ದ ಮಧ್ಯಾಹ್ನದ ಊಟ ನಿಂತರೆ ಆ ಮಕ್ಕಳ ಹೊರೆ ಮತ್ತೆ ಮನೆಯ ಒಲೆಯ ಮೇಲೇ ಬೀಳುತ್ತದೆ, ಅಲ್ವಾ? ಯಾವ ದಿನ, ಎಷ್ಟು ಜನ, ಬೇಯಿಸಿದ್ದು ಬೇಕೋ ದಿನಸಿ ಬೇಕೋ, ಇಷ್ಟು ಕೇಳಿ. ಮನೆಯಲ್ಲಿ ಒಲೆ ಇರುವವರಿಗೆ ದಿನಸಿಯೇ ಒಳ್ಳೆಯದು. ತಮ್ಮ ಮಕ್ಕಳಿಗೆ ತಾವೇ ಬೇಯಿಸಿ ಬಡಿಸುತ್ತಾರೆ.

ಉಳಿದ ಊಟ ತರುವ ಗೆಳತಿಯ ಯೋಚನೆ ಒಳ್ಳೆಯದೇ. 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಲೆಕ್ಕ ಹಾಕಿದೆ. ಆದರೆ ಇದರಲ್ಲಿ ಗಡಿಯಾರ ನೋಡದೆ ಕೆಲಸ ಮಾಡುವಂತಿಲ್ಲ. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ. ನಮ್ಮ ಚೀಲದಲ್ಲಿ ಸದಾ ಒಂದು ಥರ್ಮಾಮೀಟರ್ ಇರುತ್ತದೆ. ಎಷ್ಟು ಹೊತ್ತಿಗೆ ಇಳಿಸಿದರು ಅಂತ ಹೇಳಲಾಗದ ಪಾತ್ರೆಯನ್ನು ನಾನು ಮುಟ್ಟುವುದಿಲ್ಲ. ಕೊಡುವವರಿಗೆ ಬೇಜಾರಾಗುತ್ತದೆ, ಆಗಲಿ. ಮೊದಲೇ ಸೊರಗಿದ ಮಗುವಿಗೆ ವಾಂತಿಭೇದಿ ಶುರುವಾದರೆ ಏನು ಮಾಡುವುದು?

ಅಡುಗೆಯೇ ನಿಮ್ಮ ಕೆಲಸ ಆಗಬೇಕಿಲ್ಲ. ನಿಮ್ಮ ಹತ್ತಿರ ಆಗಲೇ ಯಾರಾದರೂ ಊಟ, ದಿನಸಿ ಹಂಚುತ್ತಿದ್ದರೆ ಅವರ ಜೊತೆ ಸೇರಿಕೊಳ್ಳಿ. ಪೊಟ್ಟಣ ಕಟ್ಟುವುದು, ತಾರೀಕು ನೋಡಿ ಹಳೆಯದನ್ನು ಮುಂದಕ್ಕೆ ಜೋಡಿಸುವುದು, ಪಾತ್ರೆ ತೊಳೆಯುವುದು. ಈ ಕೆಲಸಗಳಿಗೇ ಕೈ ಸಾಲುವುದಿಲ್ಲ. ಒಪ್ಪಿಕೊಂಡ ದಿನ ಮಾತ್ರ ತಪ್ಪಿಸಬೇಡಿ. ನಾಲ್ವರಿದ್ದೀರಿ, ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಹೋಗಿ. ನೀವು ಬರುತ್ತೀರಿ ಅಂತ ನಂಬಿ ಆ ಹೊತ್ತಿಗೆ ಅಡುಗೆ ಮಾಡದೆ ಕಾಯುವವರು ಇರುತ್ತಾರೆ.

ಇನ್ನೊಂದು ಮಾತು. ಸಾಲಿನಲ್ಲಿ ನಿಂತವರ ಫೋಟೊ ತೆಗೆಯಬೇಡಿ. ನಮ್ಮಲ್ಲಿಗೆ ಒಬ್ಬರು ಬರುತ್ತಿದ್ದರು, ಇಸ್ತ್ರಿ ಮಾಡಿದ ಅಂಗಿ, ಯಾವಾಗಲೂ ಸಾಲಿನ ಕೊನೆಗೆ. ಚೀಲವನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಯಾರೋ ಮೊಬೈಲ್ ಎತ್ತಿದ ದಿನ ತಿರುಗಿ ಹೋದವರು ಮೂರು ವಾರ ಬರಲಿಲ್ಲ. ನಾನೇ ಹೋಗಿ ಕ್ಷಮೆ ಕೇಳಿದೆ. ಅವರ ಅಕ್ಷರ ದುಂಡಗಿದೆ ಅಂತ ಆಮೇಲೆ ಗೊತ್ತಾಯಿತು. ಈಗ ನಮ್ಮ ದಾಸ್ತಾನಿನ ಪುಸ್ತಕ ಬರೆಯುವವರು ಅವರೇ.