ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ನಿಜಕ್ಕೂ ಅಷ್ಟು ತೂಕ ಇದೆಯಾ, ಬರೀ ಹೆಸರಾ?

ಮಗಳು ಕಲಬುರಗಿಯಲ್ಲಿ ಪಿಯುಸಿ ಓದುತ್ತಿದ್ದಾಳೆ, ಲಾ ಸ್ಕೂಲೇ ಬೇಕು ಅಂತ ಹಟ ಹಿಡಿದಿದ್ದಾಳೆ ಅಂತ ಬರೆದಿದ್ದೀರಿ. ನಾನು ಅಲ್ಲಿ ಓದಿದವನಲ್ಲ. ಇಲ್ಲಿ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತೇನೆ, ಅಲ್ಲಿ ಓದಿದವರ ಎದುರು ನಿಂತು ವಾದಿಸಿದ್ದೇನೆ.

ತೂಕ ಇದೆ. ಮೊದಲೆಲ್ಲ ಎಲ್‌ಎಲ್‌ಬಿ ಅಂದರೆ ಹಗಲು ನೌಕರಿ ಮಾಡಿ, ಸಂಜೆ ಹೋಗಿ ಹಾಜರಿ ಹಾಕಿಸಿಕೊಂಡು ಬರುವ ಕೋರ್ಸು. ಬೇರೇನೂ ಸಿಗದವರು ಹೋಗೋದು ಅಂತ ಮಾತೂ ಇತ್ತು. ಇದು ಬದಲಾಗಬೇಕು ಅಂತ ವಕೀಲಿ ವೃತ್ತಿಯನ್ನು ನೋಡಿಕೊಳ್ಳುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಹೊರಟಿತು, ಈ ಲಾ ಸ್ಕೂಲಿಗಾಗಿ ಕರ್ನಾಟಕ ಸರ್ಕಾರ 1986ರಲ್ಲಿ ಕಾಯ್ದೆ ಮಾಡಿಕೊಟ್ಟಿತು. ಎನ್.ಆರ್. ಮಾಧವ ಮೆನನ್ ಮೊದಲ ನಿರ್ದೇಶಕರು. 1988ರಲ್ಲಿ ಮೊದಲ ಬ್ಯಾಚು ಬಂತು. ಪಿಯುಸಿ ಆದ ಕೂಡಲೇ ಐದು ವರ್ಷದ ಕೋರ್ಸು, ವರ್ಷಕ್ಕೆ ಮೂರು ಟರ್ಮು. ಒಂದೊಂದು ವಿಷಯಕ್ಕೂ ಪ್ರಾಜೆಕ್ಟ್ ಬರೆಯಬೇಕು, ಬರೆದದ್ದನ್ನು ಮೇಷ್ಟ್ರ ಎದುರು ಕೂತು ಸಮರ್ಥಿಸಿಕೊಳ್ಳಬೇಕು. ಬೇರೆಯವರದ್ದು ಇಳಿಸಿಕೊಂಡು ಬಂದಿದ್ದರೆ ಅಲ್ಲೇ ಬಣ್ಣ ಬಯಲು. ನನ್ನ ಪ್ರಕಾರ ಲಾ ಸ್ಕೂಲಿನ ಗುಟ್ಟು ಇಷ್ಟೇ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ಮುಂತಾದವೆಲ್ಲ ಆಮೇಲೆ ಇದೇ ದಾರಿ ಹಿಡಿದವು. ಜೆಸಪ್ ಅಣಕು ನ್ಯಾಯಾಲಯದ ವಿಶ್ವ ಸ್ಪರ್ಧೆಯನ್ನು ಲಾ ಸ್ಕೂಲಿನ ಹುಡುಗರು 1999 ಮತ್ತು 2013ರಲ್ಲಿ ಗೆದ್ದರು. ರ‍್ಯಾಂಕಿಂಗ್ ಪಟ್ಟಿಯಲ್ಲೂ ಮೊದಲ ಸ್ಥಾನ ಇರುತ್ತದೆ, ಅದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ.

ಒಮ್ಮೆ ಅಲ್ಲಿಯ ಹುಡುಗಿಯೊಬ್ಬಳು ನಮ್ಮ ಆಫೀಸಿಗೆ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ನೇಮಕಾತಿಯ ರಿಟ್ ಅರ್ಜಿಯೊಂದಕ್ಕೆ ನಾವು ಹುಡುಕಾಡುತ್ತಿದ್ದ ಸುಪ್ರೀಂ ಕೋರ್ಟ್ ತೀರ್ಪನ್ನು ಮಧ್ಯಾಹ್ನದ ಊಟದೊಳಗೆ ತೆಗೆದುಕೊಟ್ಟಳು. ಡ್ರಾಫ್ಟನ್ನೂ ಎಷ್ಟು ಚೊಕ್ಕ ಬರೆದಿದ್ದಳು ಅಂತೀರಿ! ಮರುದಿನ ಅಫಜಲಪುರ ಕಡೆಯ ಜಮೀನಿನ ಫೈಲ್ ಬಂತು. ಖಾಸ್ರಾ ಪಹಣಿ ಅನ್ನುವ ಹಳೆಯ ಜಮೀನು ದಾಖಲೆ, ನಿಜಾಮರ ಕಾಲದ ಉರ್ದು ಖರೀದಿ ಪತ್ರ. ಅವಳು ನಮ್ಮ ಗುಮಾಸ್ತರ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಆ ಕಾಗದ ಓದುವುದನ್ನು ಅಲ್ಲೂ ಕಲಿಸಲ್ಲ, ಇಲ್ಲೂ ಕಲಿಸಲ್ಲ ಬಿಡಿ.

ದೆಹಲಿ, ಮುಂಬೈಯ ದೊಡ್ಡ ಲಾ ಫರ್ಮ್‌ಗಳಿಗೆ, ವಿದೇಶದ ಓದಿಗೆ ಆ ಹೆಸರು ನೇರ ಬಾಗಿಲು ತೆಗೆಯುತ್ತದೆ. ನಮ್ಮ ಕಡೆ ಕಕ್ಷಿದಾರರು ಯಾವ ಕಾಲೇಜು ಅಂತ ಕೇಳೋದೇ ಇಲ್ಲ. ಮಲ್ಲಿಕಾರ್ಜುನ ಖರ್ಗೆ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಶಿವರಾಜ ಪಾಟೀಲರು ಓದಿದ್ದು ಇಲ್ಲಿಯದೇ ಸೇಠ್ ಶಂಕರಲಾಲ್ ಲಾಹೋಟಿ ಲಾ ಕಾಲೇಜಿನಲ್ಲಿ. ಇಲ್ಲೇ ವಕೀಲಿ ಮಾಡುವ ಆಸೆ ಇದ್ದರೆ ಅದೇನೂ ಕಡಿಮೆಯಲ್ಲ.

ಲಾ ಸ್ಕೂಲಿನ ಪ್ರವೇಶಕ್ಕೆ ಕ್ಲಾಟ್ ಅನ್ನುವ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು. 120 ಪ್ರಶ್ನೆ, ಎರಡು ಗಂಟೆ, ಪೂರ್ತಿ ಇಂಗ್ಲಿಷ್, ತಪ್ಪಿದರೆ ಕಾಲು ಅಂಕ ಕಟ್. ಈಗಿನಿಂದಲೇ ದಿನಾ ಇಂಗ್ಲಿಷ್ ಪೇಪರ್ ಓದಿಸಿ. ಶುಲ್ಕ ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿರುತ್ತದೆ, ಸ್ಕಾಲರ್‌ಶಿಪ್ ಮೊದಲೇ ವಿಚಾರಿಸಿ. ಕರ್ನಾಟಕದ ವಿದ್ಯಾರ್ಥಿಗಳಿಗೆ ಅಲ್ಲಿ ಶೇ. 25 ಮೀಸಲಾತಿ ಇದೆ, ಆದರೆ ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ನಮ್ಮಲ್ಲಿ ಮಕ್ಕಳನ್ನು ಹೈದರಾಬಾದು, ಸೊಲ್ಲಾಪುರದ ಶಾಲೆಗಳಿಗೆ ಹಾಕುವವರು ಬಹಳ. ನಿಮ್ಮ ಮಗಳೂ ಅಲ್ಲಿ ಓದಿದ್ದರೆ ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ, ಶಾಲೆಯ ಸರ್ಟಿಫಿಕೇಟ್‌ಗಳನ್ನು ಈಗಲೇ ತೆಗೆದು ಎಣಿಸಿ ನೋಡಿ.